ದಿಢೀರ್ ಕಷ್ಟ ಬಂದಾಗ ಮನೆ ಖರ್ಚು, ಮನೆ ದಿನಚರಿ: ಒಂದೊಂದೇ ಹೆಜ್ಜೆ

ನನ್ನ ಕೆಲಸ ಹೋದ ದಿನ ಸಂಜೆ ನಾನು ಮಾಡಿದ ಮೊದಲ ಉಳಿತಾಯ ಅಂದ್ರೆ, ಮನೆಗೆ ಬರುತ್ತಿದ್ದ ಪೇಪರ್ ನಿಲ್ಲಿಸಿದ್ದು. ಏನೋ ದೊಡ್ಡ ತ್ಯಾಗ ಮಾಡಿದ ಹಾಗೆ ಅನಿಸಿತ್ತು. ಅದೇ ವಾರ ನನ್ನ ಕಾರ್ಡಿನಿಂದ ಒಂದು ಆಪ್‌ನ ವರ್ಷದ ಚಂದಾ ತಾನಾಗೇ ಕಟ್ಟಾಯಿತು. ಮಗ ಯಾವತ್ತೋ ಎಂಟು ದಿನ ಬಳಸಿ ಬಿಟ್ಟಿದ್ದ ಆಪ್ ಅದು. ಆ ದುಡ್ಡಿನಲ್ಲಿ ಪೇಪರ್ ಒಂದೂವರೆ ವರ್ಷ ಬರುತ್ತಿತ್ತು.

ಇನ್ನೊಂದು ಕಡೆ, ಪೇಪರ್ ನಿಂತಿದ್ದೇ ತಡ, ಅತ್ತೆಯ ಬೆಳಗು ಕೆಟ್ಟಿತು. ಎದ್ದು ಒಂದು ಗಂಟೆ ಅದನ್ನು ಹಿಡಿದು ಕೂರುತ್ತಿದ್ದವರು ಈಗ ಐದೂವರೆಗೇ ಟಿವಿ ಹಾಕತೊಡಗಿದರು. ಮಕ್ಕಳ ನಿದ್ದೆ ಹಾಳು. ಮನೆಯೆಲ್ಲಾ ಸಿಡಿಮಿಡಿ.

ಖರ್ಚು ಬೇರೆ, ದಿನಚರಿ ಬೇರೆ ಅಂತ ಅಂದುಕೊಂಡಿದ್ದೇ ನನ್ನ ತಪ್ಪು. ಮನೆಯ ಪ್ರತಿ ಖರ್ಚಿನ ಹಿಂದೆ ಯಾರದ್ದೋ ಒಂದು ಗಂಟೆ ಇರುತ್ತದೆ. ಕೆಲಸ ಹೋಗಲಿ, ಮನೆಯವರೊಬ್ಬರು ಆಸ್ಪತ್ರೆ ಸೇರಲಿ, ವ್ಯಾಪಾರ ಮುಳುಗಲಿ, 2020ರಲ್ಲಿ ಆದ ಹಾಗೆ ಊರಿಗೆ ಊರೇ ಮುಚ್ಚಲಿ, ಎರಡನ್ನೂ ಒಟ್ಟಿಗೇ ಸರಿಮಾಡಬೇಕು. ನಾವು ಎಡವುತ್ತಾ ಕಲಿತಿದ್ದನ್ನು ಕ್ರಮವಾಗಿ ಬರೆಯುತ್ತಿದ್ದೇನೆ.

ಮೊದಲ ಎರಡು ದಿನ: ದೊಡ್ಡ ತೀರ್ಮಾನ ಯಾವುದೂ ಬೇಡ

ಏನನ್ನೂ ಮಾರಬೇಡಿ. ಠೇವಣಿ ಮುರಿಸಬೇಡಿ. ಸಾಲ ತೆಗೆಯಬೇಡಿ. ಯಾರಿಗೂ ಮಾತು ಕೊಡಬೇಡಿ.

ಇದು ಸುಮ್ನೆ ಹೇಳೋ ಮಾತಲ್ಲ. ದುಡ್ಡಿನ ಚಿಂತೆ ತಲೆಯ ಜಾಗ ತಿನ್ನುತ್ತದೆ. 2013ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ತಮಿಳುನಾಡಿನ ಕಬ್ಬು ಬೆಳೆಗಾರರಿಗೆ ಕೊಯ್ಲಿಗೆ ಮುಂಚೆ ಒಮ್ಮೆ, ಕೊಯ್ಲಾಗಿ ದುಡ್ಡು ಬಂದ ಮೇಲೆ ಒಮ್ಮೆ ಬುದ್ಧಿಗೆ ಕೆಲಸ ಕೊಡೋ ಪರೀಕ್ಷೆ ಕೊಟ್ಟು ನೋಡಿದರು. ಜನ ಅವರೇ. ಆದರೂ ಕೈ ಖಾಲಿ ಇದ್ದಾಗ ಮಾಡಿದ್ದಕ್ಕಿಂತ ದುಡ್ಡು ಬಂದ ಮೇಲೆ ಚೆನ್ನಾಗಿ ಮಾಡಿದರು. ನಿಮ್ಮ ತಲೆ ಈಗ ಕೊಯ್ಲಿಗೆ ಮುಂಚಿನ ತಲೆ. ಅದಕ್ಕೆ ಎರಡು ದಿನ ಕೊಡಿ.

ಇದಕ್ಕೆ ಒಂದು ಅಪವಾದ ಇದೆ. ಆಸ್ಪತ್ರೆಯ ವಿಷಯವಾದರೆ ವಿಮಾ ಕಂಪನಿಗೆ ಅವತ್ತೇ ಫೋನ್ ಮಾಡಿ. ದಾಖಲಾದ 24 ಗಂಟೆಯೊಳಗೆ ತಿಳಿಸಬೇಕು ಅಂತ ಎಷ್ಟೋ ಪಾಲಿಸಿಗಳಲ್ಲಿ ಷರತ್ತು ಇರುತ್ತದೆ. ಕೆಲಸ ಹೋಗಿದ್ದರೆ ಕಂಪನಿ ಕೊಟ್ಟಿದ್ದ ಆರೋಗ್ಯ ವಿಮೆ ಯಾವ ತಾರೀಕಿನವರೆಗೆ ನಡೆಯುತ್ತೆ, ಅದನ್ನು ಸ್ವಂತ ಪಾಲಿಸಿಯಾಗಿ ಮುಂದುವರಿಸಬಹುದಾ ಅಂತ ಬರಹದಲ್ಲಿ ಕೇಳಿ. ಗಡುವು ದಾಟಿದ ಮೇಲೆ ಹೊಸ ಪಾಲಿಸಿ ತೆಗೆದುಕೊಂಡರೆ ಹಳೆಯ ಕಾಯಿಲೆಗಳಿಗೆ ಕಾಯುವ ಅವಧಿ, ಅಂದ್ರೆ ಆ ಕಾಯಿಲೆಗೆ ವಿಮೆಯ ದುಡ್ಡು ಸಿಗದ ಶುರುವಿನ ಕಾಲ, ಮೊದಲಿನಿಂದ ಶುರುವಾಗಬಹುದು.

ಜೊತೆಗೆ ಒಂದು ನೋಟ್‌ಬುಕ್ ತೆಗೆದಿಡಿ. ಫೋನಿನಲ್ಲಿ ಬೇಡ. ಮನೆಯವರೆಲ್ಲರ ಕೈಗೆ ಸಿಗೋ ಜಾಗದಲ್ಲಿ, ಪೆನ್ನು ಕಟ್ಟಿದ ನೋಟ್‌ಬುಕ್.

ಮೂರನೇ ದಿನ: ಎಷ್ಟು ದುಡ್ಡು ಅಲ್ಲ, ಎಷ್ಟು ತಿಂಗಳು

"ನಮ್ಮ ಹತ್ತಿರ ಎಷ್ಟಿದೆ" ಅನ್ನೋ ಪ್ರಶ್ನೆಗೆ ಸಿಗೋ ಉತ್ತರ ಹೆದರಿಸುತ್ತೆ, ಇಲ್ಲಾ ಸುಳ್ಳು ಧೈರ್ಯ ಕೊಡುತ್ತೆ. ಕೇಳಬೇಕಾದ್ದು, "ಇದು ಎಷ್ಟು ತಿಂಗಳು ಬರುತ್ತೆ?"

ಚಿಕ್ಕ ಅಂಕಿಯಲ್ಲಿ ನೋಡೋಣ. ಒಂದು ವಾರದೊಳಗೆ ಕೈಗೆ ಬರೋ ದುಡ್ಡು 90 ಅಂತಿಟ್ಟುಕೊಳ್ಳಿ. ತಿಂಗಳ ಖರ್ಚು 30. ಮನೆಗೆ ಇನ್ನೂ ಬರುತ್ತಿರೋ ಆದಾಯ 12. ಅಂದ್ರೆ ತಿಂಗಳಿಗೆ 18 ಕೊರತೆ. 90ನ್ನು 18ರಿಂದ ಭಾಗಿಸಿದರೆ 5 ತಿಂಗಳು.

ಈಗ ಖರ್ಚನ್ನು 30ರಿಂದ 24ಕ್ಕೆ ಇಳಿಸಿ. ಕೊರತೆ 12. 90 ಭಾಗಿಸು 12, ಏಳೂವರೆ ತಿಂಗಳು. ಇಳಿಸಿದ್ದು ಖರ್ಚಿನ ಐದನೇ ಒಂದು ಭಾಗ, ಸಿಕ್ಕ ಕಾಲ ಮಾತ್ರ ಮೊದಲಿಗಿಂತ ಅರ್ಧದಷ್ಟು ಜಾಸ್ತಿ. ಇದರ ಮೇಲೆ ಸಣ್ಣಪುಟ್ಟ ಕೆಲಸದಿಂದ ತಿಂಗಳಿಗೆ 4 ಬಂದರೆ ಕೊರತೆ 8ಕ್ಕೆ ಬರುತ್ತದೆ, ಹನ್ನೊಂದು ತಿಂಗಳು ದಾಟುತ್ತದೆ. ಈ ಲೆಕ್ಕ ಹಾಕಿದ ರಾತ್ರಿ ನಾನು ವಾರದ ನಂತರ ಮೊದಲ ಸಲ ನಿದ್ದೆ ಮಾಡಿದೆ. ದುಡ್ಡು ಒಂದು ಪೈಸೆಯೂ ಜಾಸ್ತಿ ಆಗಿರಲಿಲ್ಲ.

ಆ 90ರಲ್ಲಿ ಏನನ್ನು ಸೇರಿಸಬಾರದು ಅನ್ನೋದು ಮುಖ್ಯ. ಕ್ರೆಡಿಟ್ ಕಾರ್ಡಿನ ಮಿತಿ ನಿಮ್ಮ ದುಡ್ಡಲ್ಲ. ಬೇರೆಯವರಿಗೆ ಕೊಟ್ಟ ಕೈಸಾಲ ವಾಪಸ್ ಬಂದಾಗ ಎಣಿಸಿ. ನಿವೃತ್ತಿಗೆ ಇಟ್ಟಿದ್ದು, ಜಮೀನು, ಮನೆ, ಇವು ಕೊನೆಯ ಸಾಲಿನಲ್ಲಿರಲಿ.

ಇನ್ನೊಂದು ಸೂಕ್ಷ್ಮ. ವರ್ಷಕ್ಕೊಮ್ಮೆ ಬರೋ ಖರ್ಚನ್ನು, ಅಂದ್ರೆ ಶಾಲೆಯ ಫೀಸು, ವಿಮೆಯ ಕಂತು, ತೆರಿಗೆ, 12ರಿಂದ ಭಾಗಿಸಿ ತಿಂಗಳ ಖರ್ಚಿಗೆ ಸೇರಿಸಿ ಅಂತ ಎಲ್ಲರೂ ಹೇಳುತ್ತಾರೆ. ನೆಟ್ಟಗಿರೋ ಕಾಲಕ್ಕೆ ಅದು ಸರಿ. ಕಷ್ಟಕಾಲದಲ್ಲಿ ಹಾಗೆ ಮಾಡಬೇಡಿ. ಅದು ಯಾವ ತಿಂಗಳಲ್ಲಿ ಬೀಳುತ್ತೋ ಆ ತಿಂಗಳ ಪುಟದಲ್ಲಿ ಪೂರ್ತಿ ಮೊತ್ತ ಬರೆಯಿರಿ. ಮನೆ ಮುಗ್ಗರಿಸೋದು ಸರಾಸರಿ ತಿಂಗಳಲ್ಲಲ್ಲ, ಫೀಸು ಬಿದ್ದ ತಿಂಗಳಲ್ಲಿ.

ಖರ್ಚಿನ ಪಟ್ಟಿ: ಮೂರನೇ ಕಾಲಮ್ ಮರೆಯಬೇಡಿ

ಬ್ಯಾಂಕ್ ಮತ್ತು ಕಾರ್ಡಿನ ಹಿಂದಿನ 12 ತಿಂಗಳ ಸ್ಟೇಟ್‌ಮೆಂಟ್ ತೆಗೆಯಿರಿ. ಮೂರು ತಿಂಗಳು ಸಾಲದು, ವರ್ಷದ ಚಂದಾಗಳು ಅಲ್ಲೇ ಅಡಗಿ ಕೂತಿರುತ್ತವೆ. ತಾನಾಗೇ ಕಟ್ಟಾಗೋ ಪ್ರತಿಯೊಂದನ್ನೂ ಗುರುತು ಮಾಡಿ. ಫೋನಿನ ಆಪ್ ಸ್ಟೋರ್‌ನಲ್ಲಿ ಚಂದಾಗಳ ಪಟ್ಟಿ ಬೇರೆ ಇರುತ್ತದೆ, ಮಕ್ಕಳ ಫೋನಿನಲ್ಲೂ ನೋಡಿ. ಆಪ್ ಡಿಲೀಟ್ ಮಾಡಿದರೆ ಚಂದಾ ನಿಲ್ಲೋದಿಲ್ಲ. ಚಂದಾವನ್ನೇ ರದ್ದು ಮಾಡಬೇಕು.

ಈಗ ನೋಟ್‌ಬುಕ್‌ನಲ್ಲಿ ಮೂರು ಕಾಲಮ್ ಎಳೆಯಿರಿ. ಮೊದಲನೆಯದು ಖರ್ಚಿನ ಹೆಸರು. ಎರಡನೆಯದು ಮೊತ್ತ. ಮೂರನೆಯದು, "ನಿಲ್ಲಿಸಿದರೆ ಯಾರ ಮೇಲೆ ಬೀಳುತ್ತೆ?"

ಯಾರೂ ಬಳಸದ ಆಪ್‌ಗೆ ಮೂರನೇ ಕಾಲಮ್ ಖಾಲಿ. ಕಣ್ಣು ಮುಚ್ಚಿ ಹೊಡೆದುಹಾಕಿ. ಮನೆಗೆಲಸದವರನ್ನು ಬಿಡಿಸಿದರೆ? ದಿನಕ್ಕೆ ಎರಡು ಗಂಟೆ ಯಾರದ್ದೋ ತಲೆಗೆ ಬರುತ್ತದೆ, ಅವರ ಹೆಸರು ಬರೆಯಿರಿ. ಹೆಸರು ಬರೆಯದಿದ್ದರೆ ಅದು ಮನೆಯ ಹೆಂಗಸರ ತಲೆಗೇ ಬರುತ್ತೆ, ಅದನ್ನ ಬಿಡಿಸಿ ಹೇಳಬೇಕಾಗಿಲ್ಲ ಅಲ್ವಾ? ಮಕ್ಕಳ ಸ್ಕೂಲ್ ವ್ಯಾನ್ ನಿಲ್ಲಿಸಿದರೆ ಬಿಡೋರು ಯಾರು, ಕರೆತರೋರು ಯಾರು, ಅವರ ಪೆಟ್ರೋಲ್ ಎಷ್ಟು? ನಮ್ಮ ಪಟ್ಟಿಯಲ್ಲಿ ವ್ಯಾನ್ ಉಳಿಯಿತು. ಬಿಟ್ಟುಬರೋ ಹೊತ್ತಿಗೇ ನನಗೆ ಸಂದರ್ಶನಗಳು ಬರುತ್ತಿದ್ದವು. ಪೇಪರ್ ಕೂಡ ಹದಿನೈದು ದಿನಕ್ಕೇ ವಾಪಸ್ ಬಂತು. ಮೂರನೇ ಕಾಲಮ್‌ನಲ್ಲಿ "ಅತ್ತೆ, ಬೆಳಿಗ್ಗೆ ಒಂದು ಗಂಟೆ" ಅಂತ ಬರೆದ ಮೇಲೆ ಅದು ದುಬಾರಿ ಅನಿಸಲಿಲ್ಲ.

ಹೊರಗೆ ತಿನ್ನೋದು, ಬಟ್ಟೆಬರೆ, ಪ್ರಯಾಣ, ಇವು ಎಲ್ಲರಿಗೂ ಗೊತ್ತಿರೋದೇ. ಅದರ ಮೇಲೆ ಉಪನ್ಯಾಸ ಕೊಡೋದಿಲ್ಲ. ಆದರೆ ಮನೆಯ ಪ್ರತಿಯೊಬ್ಬರಿಗೂ, ಮಕ್ಕಳಿಗೂ ಸೇರಿ, ಲೆಕ್ಕ ಕೇಳದ ಒಂದು ಚಿಕ್ಕ ಮೊತ್ತ ಇರಲಿ. ಅದನ್ನೂ ಕಿತ್ತುಕೊಂಡರೆ ಜನ ಬಚ್ಚಿಟ್ಟು ಖರ್ಚು ಮಾಡುತ್ತಾರೆ.

ಯಾರಿಗೆ ಮೊದಲು ಕೊಡಬೇಕು

ಯಾರು ಜೋರಾಗಿ ಫೋನ್ ಮಾಡುತ್ತಾರೋ ಅವರಿಗೆ ಮೊದಲು ಕೊಡೋದು ನಮ್ಮ ಅಭ್ಯಾಸ. ವಸೂಲಿಯವರಿಗೆ ಅದು ಗೊತ್ತು. ನಿಮ್ಮ ಕ್ರಮ ನೀವೇ ಬರೆದಿಡಿ.

ಮೊದಲ ಸಾಲು: ಊಟ, ಔಷಧ, ಬಾಡಿಗೆ ಅಥವಾ ಮನೆ ಸಾಲ, ಕರೆಂಟು, ನೀರು, ಕೆಲಸಕ್ಕೆ ಹೋಗೋಕೆ ಅಥವಾ ಹುಡುಕೋಕೆ ಬೇಕಾದ ಫೋನು ಮತ್ತು ಓಡಾಟ. ಆರೋಗ್ಯ ವಿಮೆಯೂ ಇದೇ ಸಾಲಿನಲ್ಲಿ. ವರ್ಷದ ಕಂತು ಭಾರವಾದರೆ ತಿಂಗಳ ಕಂತಿಗೆ ಬದಲಿಸಬಹುದಾ ಕೇಳಿ, ಪಾಲಿಸಿ ಮಾತ್ರ ಬಿಡಬೇಡಿ. ಎರಡನೇ ಸಾಲು: ಅಡವಿಟ್ಟು ತೆಗೆದ ಸಾಲಗಳು, ಕಟ್ಟದಿದ್ದರೆ ವಸ್ತುವೇ ಹೋಗುತ್ತದೆ. ದುಡಿಮೆಗೆ ಬೇಕಾದ ವಾಹನ ಆದರೆ ಮೊದಲ ಸಾಲಿಗೆ ಏರಿಸಿ. ಮೂರನೇ ಸಾಲು: ಕಾರ್ಡು, ವೈಯಕ್ತಿಕ ಸಾಲ. ಆಮೇಲೆ ನೆಂಟರ, ಸ್ನೇಹಿತರ ಕೈಸಾಲ. ಅವರಿಗೆ ದುಡ್ಡು ತಡವಾಗಲಿ ಪರವಾಗಿಲ್ಲ, ಫೋನ್ ಮಾತ್ರ ತಡವಾಗಬಾರದು.

ಕಾರ್ಡಿನ ಬಗ್ಗೆ ಎರಡು ಮಾತು. ಬಿಲ್ಲಿನಲ್ಲಿ ಕಾಣೋ "ಕನಿಷ್ಠ ಮೊತ್ತ" ಕಟ್ಟಿದರೆ ತಡದ ದಂಡ ತಪ್ಪುತ್ತದೆ, ಬಡ್ಡಿ ತಪ್ಪೋದಿಲ್ಲ. ತಿಂಗಳಿಗೆ ಶೇ. 3 ಅಂದ್ರೆ ಕೇಳೋಕೆ ಸಣ್ಣದು. ಏನೂ ಕಟ್ಟದೆ ಬಿಟ್ಟರೆ 100 ಇದ್ದ ಬಾಕಿ ವರ್ಷಕ್ಕೆ ಬಡ್ಡಿಯಿಂದಲೇ ಸುಮಾರು 143 ಆಗುತ್ತದೆ. ಹಳೆಯ ಬಾಕಿ ಇದ್ದಾಗ ಹೊಸ ಖರೀದಿಗೆ ಸಾಮಾನ್ಯವಾಗಿ ಬಡ್ಡಿರಹಿತ ದಿನಗಳೂ ಸಿಗೋದಿಲ್ಲ, ತಂದ ದಿನದಿಂದಲೇ ಬಡ್ಡಿ. ಹಾಗಾಗಿ ಕನಿಷ್ಠ ಮೊತ್ತ ಕಟ್ಟಲೇಬೇಕಾಗಿ ಬಂದರೆ ಕಟ್ಟಿ, ಕಾರ್ಡನ್ನು ಮಾತ್ರ ಪರ್ಸಿನಿಂದ ತೆಗೆದು ಬೀರುವಿನಲ್ಲಿಡಿ. ಕಾರ್ಡಿನ ಸಾಲ ತೀರಿಸೋಕೆ ಕಡಿಮೆ ಬಡ್ಡಿಯ ಸಾಲ ತೆಗೆಯೋದು ಒಳ್ಳೆಯ ದಾರಿ. ಕಾರ್ಡನ್ನು ಮತ್ತೆ ಉಜ್ಜೋದಿಲ್ಲ ಅನ್ನೋ ಧೈರ್ಯ ಇದ್ದರೆ ಮಾತ್ರ.

ಐದು ನಿಮಿಷದಲ್ಲಿ ಸಾಲ ಅನ್ನೋ ಆಪ್‌ಗಳು ನಿಮ್ಮ ಫೋನಿನ ಕಾಂಟ್ಯಾಕ್ಟು, ಫೋಟೋಗಳಿಗೆ ಅನುಮತಿ ಕೇಳಿದರೆ ಅಲ್ಲೇ ಮುಚ್ಚಿಬಿಡಿ. ಕೆಲಸ ಕೊಡಿಸೋಕೆ ಮುಂಗಡ ಕೇಳೋರಿಂದಲೂ ದೂರ ಇರಿ.

ಸಾಲ ಕೊಟ್ಟವರಿಗೆ ನೀವೇ ಮೊದಲು ಫೋನ್ ಮಾಡಿ

ಕಂತು ತಪ್ಪಿದ ಮೇಲೆ ಮಾತಾಡೋದಕ್ಕೂ ತಪ್ಪೋ ಮುಂಚೆ ಮಾತಾಡೋದಕ್ಕೂ ತುಂಬಾ ವ್ಯತ್ಯಾಸ ಇದೆ. ಮುಂಚೆ ಹೋದರೆ ನೀವು ಗ್ರಾಹಕರು. ಆಮೇಲೆ ಹೋದರೆ ಬಾಕಿದಾರರು. ಕಂತು ತಪ್ಪಿದ್ದು ಕ್ರೆಡಿಟ್ ದಾಖಲೆಯಲ್ಲೂ ಕೂರುತ್ತದೆ.

ನನಗೆ ಫೋನಿನಲ್ಲಿ ಗಂಟಲು ಕಟ್ಟುತ್ತಿತ್ತು. ಅದಕ್ಕೆ ಹೇಳೋದನ್ನು ಬರೆದಿಟ್ಟುಕೊಂಡು ಓದಿದೆ: "ನನ್ನ ಕೆಲಸ ಈ ತಿಂಗಳು ಹೋಗಿದೆ. ಇವತ್ತಿನವರೆಗೆ ಒಂದು ಕಂತೂ ತಪ್ಪಿಸಿಲ್ಲ. ಮುಂದಿನ ನಾಲ್ಕು ತಿಂಗಳು ಕಂತಿನ ಅರ್ಧ ಮಾತ್ರ ಕಟ್ಟೋಕೆ ಆಗುತ್ತೆ. ನಿಮ್ಮಲ್ಲಿ ಯಾವ ವ್ಯವಸ್ಥೆ ಇದೆ? ಅದರಿಂದ ಒಟ್ಟು ಎಷ್ಟು ಜಾಸ್ತಿ ಕಟ್ಟಬೇಕಾಗುತ್ತೆ?" ಅಳಬೇಕಾಗಿಲ್ಲ, ಕಥೆ ಹೇಳಬೇಕಾಗಿಲ್ಲ. ಎಷ್ಟು ಕಟ್ಟಬಲ್ಲಿರಿ ಅನ್ನೋ ಅಂಕಿ ಇದ್ದರೆ ಸಾಕು. ಯಾರ ಹತ್ತಿರ ಮಾತಾಡಿದಿರಿ, ಎಷ್ಟು ಗಂಟೆಗೆ, ಏನು ಒಪ್ಪಿದರು ಅಂತ ನೋಟ್‌ಬುಕ್‌ನಲ್ಲಿ ಬರೆಯಿರಿ. ಒಪ್ಪಿದ್ದನ್ನು ಇಮೇಲ್‌ನಲ್ಲಿ ಕಳಿಸಿ ಅನ್ನಿ. ಒಂದು ಕಡೆ ಬಾಯಿಮಾತಿನಲ್ಲಿ "ಆಯ್ತು ಮೇಡಂ" ಅಂದವರು ಮುಂದಿನ ತಿಂಗಳು ದಂಡ ಹಾಕಿದರು. ತೋರಿಸೋಕೆ ನನ್ನ ಹತ್ತಿರ ಏನೂ ಇರಲಿಲ್ಲ.

ಮನೆ ಮಾಲೀಕರು, ಶಾಲೆಯವರ ಹತ್ತಿರವೂ ಇದೇ ಕ್ರಮ. ಮನ್ನಾ ಕೇಳಿದರೆ ಇಲ್ಲ ಅನ್ನೋರು ಕೂಡ ಮೂರು ಭಾಗ ಮಾಡಿ ಕೊಡ್ತೀನಿ ಅಂದರೆ ಎಷ್ಟೋ ಸಲ ಒಪ್ಪುತ್ತಾರೆ.

ಕಂತಿಗೆ ರಜೆ: ತೆಗೆದುಕೊಳ್ಳೋ ಮುಂಚೆ ಲೆಕ್ಕ ಹಾಕಿ

ಕೋವಿಡ್ ಸಮಯದಲ್ಲಿ ಎಷ್ಟೋ ದೇಶಗಳಲ್ಲಿ ಸಾಲದ ಕಂತಿಗೆ ರಜೆ ಕೊಟ್ಟಿದ್ದರು. ತುಂಬಾ ಜನ ಅದನ್ನು ಮಾಫಿ ಅಂದುಕೊಂಡರು. ಕಂತಿಗೆ ರಜೆ ಸಿಕ್ಕರೂ ಬಡ್ಡಿಗೆ ಸಾಮಾನ್ಯವಾಗಿ ರಜೆ ಇರೋದಿಲ್ಲ. ಅದು ಅಸಲಿಗೆ ಸೇರಿ ಅದರ ಮೇಲೂ ಬಡ್ಡಿ ಬೆಳೆಯುತ್ತದೆ.

ಶೇ. 10 ಬಡ್ಡಿಯ 20 ವರ್ಷದ ಸಾಲ ಅಂತಿಟ್ಟುಕೊಳ್ಳಿ, 240 ಕಂತು. ಶುರುವಿನಲ್ಲೇ ಆರು ತಿಂಗಳು ರಜೆ ತೆಗೆದುಕೊಂಡು, ಆಮೇಲೆ ಹಳೆಯ ಕಂತನ್ನೇ ಕಟ್ಟುತ್ತಾ ಹೋದರೆ ಎಷ್ಟು ಕಂತಾಗಬಹುದು? ಸುಮಾರು 287. ಆರು ತಿಂಗಳ ಉಸಿರಿಗೆ 47 ಕಂತು ಜಾಸ್ತಿ. ಸಾಲದ ಮೊದಲ ವರ್ಷಗಳಲ್ಲಿ ಕಂತಿನ ಬಹುಪಾಲು ಬಡ್ಡಿಗೇ ಹೋಗೋದರಿಂದ ಹೀಗಾಗುತ್ತದೆ. ಅದೇ ಸಾಲದಲ್ಲಿ ಇನ್ನು 24 ಕಂತು ಮಾತ್ರ ಬಾಕಿ ಇದ್ದಾಗ ಅದೇ ರಜೆ ತೆಗೆದುಕೊಂಡರೆ ಒಂದೂವರೆ ಕಂತಿನಷ್ಟೂ ಜಾಸ್ತಿ ಆಗೋದಿಲ್ಲ.

ಹಾಗಾಗಿ ಎರಡು ಮೂರು ಸಾಲ ಇದ್ದರೆ, ಮುಗಿಯೋಕೆ ಬಂದಿರೋ ಸಾಲಕ್ಕೆ ರಜೆ ಕೇಳಿ. ಹೊಸ ಸಾಲಕ್ಕೆ ಆದಷ್ಟು ಬಡ್ಡಿಯ ಭಾಗವನ್ನಾದರೂ ಕಟ್ಟುತ್ತೇನೆ ಅನ್ನಿ. ಬಡ್ಡಿ ಅಸಲಿಗೆ ಸೇರದಿದ್ದರೆ ಅರ್ಧ ಅಪಾಯ ತಪ್ಪಿದ ಹಾಗೆ. ಬೇರೆ ದಾರಿಯೇ ಇಲ್ಲದಿದ್ದರೆ ರಜೆ ತೆಗೆದುಕೊಳ್ಳಿ, ಅದರಲ್ಲಿ ನಾಚಿಕೆ ಏನಿಲ್ಲ. ಬೆಲೆ ಗೊತ್ತಿರಲಿ ಅಷ್ಟೇ.

ಮನೆಯವರಿಗೆ ಹೇಳೋದು

ಇದು ದುಡ್ಡಿನ ಲೆಕ್ಕಕ್ಕಿಂತ ಕಷ್ಟ. ಕೆಲಸ ಹೋದ ವಾರ ಒಂಬತ್ತು ವರ್ಷದ ಮಗಳು ಕೇಳಿದಳು, "ಅಮ್ಮ, ನಾವು ಬಡವರಾದ್ವಾ?" ನಾನು "ಇಲ್ಲ ಕಂದಾ, ಏನೂ ಆಗಿಲ್ಲ, ಹೋಗಿ ಆಡ್ಕೋ" ಅಂದೆ.

ಎರಡು ತಿಂಗಳಾದ ಮೇಲೆ ಒಂದು ಬೆಳಿಗ್ಗೆ ನೋಡುತ್ತೇನೆ, ಅವಳು ಶೂಗಳ ಹಿಂಬದಿಯನ್ನು ತುಳಿದು ಚಪ್ಪಲಿ ಥರ ಹಾಕಿಕೊಂಡು ಹೊರಟಿದ್ದಾಳೆ. ಬಿಚ್ಚಿ ನೋಡಿದರೆ ಹೆಬ್ಬೆರಳ ಉಗುರು ಕಪ್ಪಾಗಿತ್ತು. ಶೂ ಚಿಕ್ಕದಾಗಿ ಎಷ್ಟು ದಿನವಾಗಿತ್ತೋ. "ಹೇಳಿದ್ರೆ ದುಡ್ಡು ಖರ್ಚಾಗುತ್ತಲ್ವಾ" ಅಂದಳು.

ಮಕ್ಕಳಿಗೆ ಮೂರು ವಿಷಯ ಹೇಳಿ. ಏನಾಗಿದೆ, ಒಂದೇ ವಾಕ್ಯದಲ್ಲಿ. ಏನು ಬದಲಾಗುತ್ತೆ, ಏನು ಬದಲಾಗಲ್ಲ, ಹೆಸರು ಹಿಡಿದು: "ಈ ವರ್ಷ ಪ್ರವಾಸ ಇಲ್ಲ. ಶಾಲೆ ಅದೇ, ಮನೆ ಅದೇ." ಆಮೇಲೆ, "ಇದನ್ನು ಸರಿಮಾಡೋದು ನಮ್ಮ ಕೆಲಸ, ನಿನ್ನದಲ್ಲ. ಏನಾದರೂ ಬೇಕಾದರೆ ಕೇಳಲೇಬೇಕು. ಕೊಡೋಕಾಗುತ್ತಾ ಇಲ್ವಾ ನಾವು ಹೇಳ್ತೀವಿ." ಹದಿನೈದು ದಾಟಿದ ಮಕ್ಕಳಿಗೆ ನೋಟ್‌ಬುಕ್ಕನ್ನೇ ತೋರಿಸಬಹುದು. ಆಪ್ ಚಂದಾಗಳನ್ನು ಹುಡುಕಿ ಹುಡುಕಿ ರದ್ದು ಮಾಡಿದ್ದು ನನ್ನ ಮಗನೇ.

ಹಿರಿಯರಿಗೂ ಮುಚ್ಚಿಡಬೇಡಿ. ಅವರಿಗೆ ಹೇಗೂ ಗೊತ್ತಾಗುತ್ತದೆ, ಆಗ ಕಾಸು ಉಳಿಸೋಕೆ ಮಾತ್ರೆ ಅರ್ಧ ಮಾಡಿ ನುಂಗೋಕೆ ಶುರು ಮಾಡುತ್ತಾರೆ. "ನಿಮ್ಮ ಔಷಧಕ್ಕೆ ದುಡ್ಡು ತೆಗೆದಿಟ್ಟಿದೆ" ಅಂತ ಮೊದಲೇ ಹೇಳಿ.

ಹೊಸ ದಿನಚರಿ

ಏಳೋ ಹೊತ್ತು, ಊಟದ ಹೊತ್ತು, ಮಲಗೋ ಹೊತ್ತು, ಈ ಮೂರನ್ನು ಅಲ್ಲಾಡಿಸಬೇಡಿ. ಇವು ಮೂರು ನಿಂತಿದ್ದರೆ ಉಳಿದದ್ದು ಏರುಪೇರಾದರೂ ಮನೆ ಮನೆಯ ಹಾಗಿರುತ್ತದೆ.

ಕೆಲಸ ಕಳೆದುಕೊಂಡವರು ಮನೆಯಲ್ಲಿದ್ದಾರೆ ಅಂದ ಮಾತ್ರಕ್ಕೆ ಎಲ್ಲಾ ಕೆಲಸ ಅವರದ್ದಲ್ಲ. ನಾನು ಮೊದಲ ತಿಂಗಳು ಅಡುಗೆ, ಬಟ್ಟೆ, ಬ್ಯಾಂಕು, ಶಾಲೆ ಎಲ್ಲಾ ಎಳೆದುಕೊಂಡೆ. ಕೆಲಸ ಹುಡುಕೋಕೆ ಕೂತಾಗ ರಾತ್ರಿ ಹನ್ನೊಂದು. ಆಮೇಲೆ ಬೆಳಿಗ್ಗೆ ಹತ್ತರಿಂದ ಒಂದರವರೆಗೆ ಬಾಗಿಲು ಹಾಕಿದರೆ ಯಾರೂ ಕರೆಯಬಾರದು ಅಂತ ಆಯಿತು. ಅದಕ್ಕೆ ಬದಲಾಗಿ ಸಂಜೆಯ ಕೆಲಸ ಪೂರ್ತಿ ನನ್ನದು. ಪಾತ್ರೆ ಮಗನಿಗೆ, ಬಟ್ಟೆ ಮಡಚೋದು ಅತ್ತೆಗೆ, ಬೆಳಗಿನ ಅಡುಗೆ ನಮ್ಮ ಮನೆಯವರಿಗೆ. ಮೊದಲ ವಾರದ ಅಡುಗೆಯ ಬಗ್ಗೆ ಹೆಚ್ಚು ಹೇಳದೆ ಇರೋದೇ ವಾಸಿ.

ದುಡ್ಡಿನ ಮಾತಿಗೆ ಒಂದು ಹೊತ್ತು ಇಡಿ. ನಮ್ಮದು ಭಾನುವಾರ ಬೆಳಿಗ್ಗೆ, ಇಪ್ಪತ್ತು ನಿಮಿಷ. ನೋಟ್‌ಬುಕ್ ತೆಗೆಯೋದು, ವಾರದ ಖರ್ಚು ನೋಡೋದು, "ಎಷ್ಟು ತಿಂಗಳು" ಅನ್ನೋ ಅಂಕಿ ಹೊಸದಾಗಿ ಬರೆಯೋದು, ಯಾರಿಗೆ ಯಾವ ಕೆಲಸ ಭಾರ ಆಯಿತು ಅಂತ ಕೇಳೋದು. ರಾತ್ರಿ ಊಟ ಆದ ಮೇಲೆ ದುಡ್ಡಿನ ಮಾತಿಲ್ಲ. ಹಾಗಂತ ಮುರಿದಿಲ್ಲ ಅನ್ನಲ್ಲ, ಮುರಿದ ರಾತ್ರಿಗಳೆಲ್ಲಾ ಜಗಳದಲ್ಲೇ ಮುಗಿದವು.

ಆಸ್ಪತ್ರೆಯ ಕಷ್ಟವಾದರೆ ಇನ್ನೆರಡು ಸೇರಿಸಿ. ರೋಗಿಯ ಜೊತೆ ಇರೋ ಪಾಳಿ ಬರೆದು ಗೋಡೆಗೆ ಅಂಟಿಸಿ, ಒಬ್ಬರೇ ಎರಡು ರಾತ್ರಿ ಸತತವಾಗಿ ಕೂರೋದು ಬೇಡ. ಮೂರನೇ ದಿನ ಅವರೇ ಮಲಗುತ್ತಾರೆ. ನೆಂಟರಿಗೆ ಸುದ್ದಿ ಹೇಳೋಕೆ ಒಬ್ಬರನ್ನೇ ಗೊತ್ತು ಮಾಡಿ, ದಿನಕ್ಕೊಂದು ಮೆಸೇಜು ಎಲ್ಲರಿಗೂ. ಜೊತೆಗಿರೋರ ಊಟ, ಓಡಾಟ, ಪಾರ್ಕಿಂಗ್ ಯಾವ ಬಿಲ್ಲಿನಲ್ಲೂ ಕಾಣೋದಿಲ್ಲ. ವಾರದ ಲೆಕ್ಕ ಹಾಕಿದಾಗಲೇ ಅದು ಎಷ್ಟು ಅಂತ ಗೊತ್ತಾಗೋದು.

ಇನ್ನೊಂದು ಹಾಳೆ ಕೂಡ ಬರೆದಿಡಿ. ಯಾವ ಬ್ಯಾಂಕಿನಲ್ಲಿ ಖಾತೆ, ಯಾವ ಪಾಲಿಸಿ, ನಾಮಿನಿ ಯಾರು, ಯಾವ ಕಂತು ಯಾವ ತಾರೀಕು, ಕಾಗದಗಳು ಎಲ್ಲಿವೆ. ಪಾಸ್‌ವರ್ಡ್ ಅದರಲ್ಲಿ ಬೇಡ. ದುಡ್ಡು ನೋಡಿಕೊಳ್ಳುತ್ತಿದ್ದವರೇ ಐಸಿಯುನಲ್ಲಿ ಮಲಗಿದಾಗ ಈ ಒಂದು ಹಾಳೆಗಾಗಿ ಬೀರು ಎಲ್ಲಾ ಕಿತ್ತುಹಾಕಿದ ಮನೆಗಳನ್ನು ನೋಡಿದ್ದೇನೆ.

ಆದಾಯ ಮತ್ತೆ ಶುರುವಾದಾಗ

ಮೊದಲ ಸಂಬಳ ಬಂದ ದಿನ ಎಲ್ಲವನ್ನೂ ವಾಪಸ್ ತರೋ ಆಸೆ ಆಗುತ್ತದೆ. ಮೂರು ತಿಂಗಳು ಕಷ್ಟದ ಖರ್ಚಿನಲ್ಲೇ ನಡೆಸಿ. ಹೊಸ ಕೆಲಸ ನಿಲ್ಲುತ್ತೋ ಇಲ್ಲವೋ ಅಷ್ಟರಲ್ಲಿ ಗೊತ್ತಾಗುತ್ತದೆ. ಉಳಿದ ದುಡ್ಡಿನಲ್ಲಿ ಮೊದಲು ಒಂದು ತಿಂಗಳ ಖರ್ಚನ್ನು ಬೇರೆ ಖಾತೆಯಲ್ಲಿ ಕೂಡಿಡಿ. ಆಮೇಲೆ ಜಾಸ್ತಿ ಬಡ್ಡಿಯ ಸಾಲ, ಆಮೇಲೆ ಕೈಸಾಲ. ಕಾರ್ಡಿನ ಬಾಕಿ ತೀರಿಸೋ ಮುಂಚೆ ತುರ್ತಿನ ದುಡ್ಡು ಯಾಕೆ ಅಂತ ನಮ್ಮ ಮನೆಯವರು ವಾದ ಮಾಡಿದರು. ಲೆಕ್ಕದ ಪ್ರಕಾರ ಅವರೇ ಸರಿ. ಆದರೆ ಕೈ ಖಾಲಿ ಇಟ್ಟುಕೊಂಡು ಕಾರ್ಡು ತೀರಿಸಿದರೆ, ಫ್ರಿಜ್ ಕೆಟ್ಟ ದಿನ ಮತ್ತೆ ಕಾರ್ಡೇ ಉಜ್ಜಬೇಕಾಗುತ್ತದೆ.

ನಿಲ್ಲಿಸಿದ್ದನ್ನು ಒಟ್ಟಿಗೆ ಶುರು ಮಾಡಬೇಡಿ. ತಿಂಗಳಿಗೊಂದು ತನ್ನಿ, ಭಾನುವಾರ ಕೂತು ಯಾವುದು ಅಂತ ಎಲ್ಲರೂ ಸೇರಿ ಆರಿಸಿ. ನಾವು ಹನ್ನೊಂದು ಚಂದಾ ನಿಲ್ಲಿಸಿದ್ದೆವು, ವಾಪಸ್ ಬಂದಿದ್ದು ಎರಡೇ. ಉಳಿದವು ಏನೇನು ಅಂತ ಈಗ ನೋಟ್‌ಬುಕ್ ನೋಡಿಯೇ ಹೇಳಬೇಕು. ಬೆಳಗಿನ ಅಡುಗೆ ಮಾತ್ರ ಇವತ್ತಿಗೂ ನಮ್ಮ ಮನೆಯವರದ್ದೇ.